ಎಲ್ಲೋರದ ಗುಹೆಗಳಿಗೆ ಬೆನ್ನು ಹಾಕಿ ನಿಂತರೆ ಕಾಣುವ ಊರು

(ಸಂಜೆಯ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದೆ.)

ಎಲ್ಲರಿಗೂ ನಮಸ್ಕಾರ.

1306ರ ಸುಮಾರಿನ ಒಂದು ಕತೆಯಿಂದ ಶುರು ಮಾಡುತ್ತೇನೆ. ದೆಹಲಿಯ ಅಲಾವುದ್ದೀನ್ ಖಿಲ್ಜಿಯ ಸೈನ್ಯ ಗುಜರಾತಿನ ಕಡೆಯಿಂದ ದಖ್ಖನಿಗೆ ಬಂದಿತ್ತು. ಅದರ ನಾಯಕ ಅಲ್ಪ್ ಖಾನ್. ಗುಜರಾತಿನಲ್ಲಿ ಸೋತು ಓಡಿದ್ದ ರಾಜ ಕರ್ಣನ ಮಗಳು ದೇವಲದೇವಿಯನ್ನು ಹಿಡಿದು ತರಬೇಕು ಅನ್ನುವುದು ಅವನಿಗಿದ್ದ ಅಪ್ಪಣೆ. ಆ ಹುಡುಗಿಯನ್ನು ದೇವಗಿರಿಯ ಯಾದವ ರಾಜಕುಮಾರನಿಗೆ ಮದುವೆ ಮಾಡಿಕೊಡಲು ಗುಟ್ಟಾಗಿ ಕರೆದೊಯ್ಯುತ್ತಿದ್ದರು. ಹುಡುಕಿ ಹುಡುಕಿ ಸಾಕಾದ ಸೈನ್ಯ ದೇವಗಿರಿಯ ಹತ್ತಿರ ಎರಡು ದಿನ ಬೀಡು ಬಿಟ್ಟಿತು. ಆಗ ಮುನ್ನೂರು ಸೈನಿಕರು ಹೋಗಿ ರಜೆ ಕೇಳಿದರು. ಯಾಕಪ್ಪಾ ಅಂದರೆ, ಇಲ್ಲೇ ಎಲ್ಲೋರದ ಗುಹೆಗಳಿವೆಯಂತೆ, ನೋಡಿಕೊಂಡು ಬರುತ್ತೇವೆ ಅಂತ! ರಜೆ ಸಿಕ್ಕಿತು. ಗುಹೆ ನೋಡಲು ಹೋದವರಿಗೆ ದಾರಿಯಲ್ಲಿ ಎದುರಾದದ್ದು ಅದೇ ರಾಜಕುಮಾರಿಯ ದಂಡು. ಜಗಳವಾಯಿತು, ಕುದುರೆಗೆ ಬಾಣ ತಗುಲಿತು, ಹುಡುಗಿ ಸಿಕ್ಕಿಬಿದ್ದಳು.

ಈ ಕತೆ ಬರೆದವನು ಚರಿತ್ರಕಾರ ಫಿರಿಶ್ತಾ. ಅವನು ಕೂತು ಬರೆದದ್ದು ನಮ್ಮ ಬಿಜಾಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ, 17ನೇ ಶತಮಾನದ ಶುರುವಿನಲ್ಲಿ. ಘಟನೆಗೂ ಬರಹಕ್ಕೂ ನಡುವೆ ಮುನ್ನೂರು ವರ್ಷ. ಹಾಗಾಗಿ ಕುದುರೆ, ಬಾಣ, ರಾಜಕುಮಾರಿ ಎಲ್ಲವನ್ನೂ ಹಾಗ್ಹಾಗೇ ನಂಬಬೇಕಿಲ್ಲ. ಆದರೆ ಒಂದು ವಿಷಯ ಗಮನಿಸಿ. ಸೈನಿಕರು ರಜೆ ಹಾಕಿ ಗುಹೆ ನೋಡಲು ಹೋದರು ಅನ್ನುವುದು ಬಿಜಾಪುರದ ಓದುಗರಿಗೆ ವಿಚಿತ್ರ ಅನ್ನಿಸಲಿಲ್ಲ. ಎಲ್ಲೋರ ಅಂದರೆ ಏನು ಅಂತ ಅವರಿಗೆ ವಿವರಿಸಿ ಹೇಳಬೇಕಾಗಲೂ ಇಲ್ಲ.

ಇವತ್ತು ನಾನು ಮಾತಾಡುವುದು ಇದರ ಬಗ್ಗೆ. ಎಲ್ಲೋರವನ್ನು ಯಾರೂ 'ಕಂಡುಹಿಡಿಯಲಿಲ್ಲ'. ಅಜಂತಾದ ಕತೆ ಬೇರೆ. 1819ರಲ್ಲಿ ಹುಲಿ ಬೇಟೆಗೆ ಹೋದ ಜಾನ್ ಸ್ಮಿತ್ ಎಂಬ ಅಧಿಕಾರಿಯ ಕಣ್ಣಿಗೆ ಕಾಡಿನ ನಡುವೆ ಅದು ಬಿತ್ತು. ಆ ಕತೆ ಎಷ್ಟು ಜನಪ್ರಿಯ ಅಂದರೆ, ಎಲ್ಲೋರಕ್ಕೂ ಹಾಗೇ ಆಗಿರಬೇಕು ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ಎಲ್ಲೋರದ ಮುಂದೆ ಒಂದು ಊರಿದೆ. ಮರಾಠಿಯಲ್ಲಿ ವೇರೂಳ. ಗುಹೆಗಳ ಮುಂದೆ ನಿಂತು ಹಿಂದಕ್ಕೆ ತಿರುಗಿದರೆ ಹೊಲ, ಗಿಡಮರ, ದೇವಸ್ಥಾನದ ಶಿಖರ ಎಲ್ಲ ಕಾಣುತ್ತದೆ. ಊರಿನ ಜನ ಈ ಗುಹೆಗಳನ್ನು ಒಂದು ದಿನವೂ ಮರೆತಿರಲಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ಎಲ್ಲೋರದ ಚರಿತ್ರೆ 10ನೇ ಶತಮಾನಕ್ಕೆ ಮುಗಿದುಹೋಗುತ್ತದೆ.

ಮೊದಲು ಜಾಗದ ಬಗ್ಗೆ. ವೇರೂಳ ಇರುವುದು ಔರಂಗಾಬಾದಿನಿಂದ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಿಂದ, ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ. ದಾರಿಯ ಅರ್ಧದಲ್ಲಿ ದೌಲತಾಬಾದ್, ಆಮೇಲೆ ಗುಡ್ಡದ ಮೇಲೆ ಖುಲ್ದಾಬಾದ್, ಅಲ್ಲಿಂದ ಘಾಟಿ ಇಳಿದರೆ ವೇರೂಳ. ಹಳೇ ಕಾಲದಲ್ಲಿ ಗೋದಾವರಿ ದಂಡೆಯ ಪೈಠಣದಿಂದ ಉಜ್ಜಯಿನಿಗೂ ಭರೂಚ್ ಬಂದರಿಗೂ ಹೋಗುವ ವ್ಯಾಪಾರದ ದಾರಿಗಳು ಈ ಸೀಮೆಯನ್ನು ಹಾದೇ ಹೋಗುತ್ತಿದ್ದವು. ದಾರಿ ಇದ್ದಲ್ಲಿ ಎತ್ತಿನ ಗಾಡಿ, ಗಾಡಿ ಇದ್ದಲ್ಲಿ ದುಡ್ಡು, ದುಡ್ಡು ಇದ್ದಲ್ಲಿ ದಾನ. ಭಿಕ್ಷುಗಳೂ ಸನ್ಯಾಸಿಗಳೂ ಜನರಿಲ್ಲದ ಕಾಡು ಹುಡುಕಿಕೊಂಡು ಹೋದರು ಅಂತ ನಾವು ತಿಳಿದಿರುತ್ತೇವೆ. ಅವರೂ ಊಟ ಮಾಡಬೇಕಲ್ವಾ?

ಕಲ್ಲಿನ ವಿಷಯವೂ ಇದೆ. ದಖ್ಖನಿನ ಈ ಭಾಗವೆಲ್ಲ ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾದಿಂದ ಆದ ನೆಲ. ಪದರದ ಮೇಲೆ ಪದರ ಕಪ್ಪು ಕಲ್ಲು. ವೇರೂಳದ ಗುಡ್ಡ ಪಶ್ಚಿಮಕ್ಕೆ ಮುಖ ಮಾಡಿದೆ. ಅಜಂತಾದ ಹಾಗೆ ಇದು ಕಡಿದಾದ ಗೋಡೆಯಲ್ಲ, ಇಳಿಜಾರು. ಹಾಗಾಗಿ ಇಲ್ಲಿ ಗುಹೆಯ ಮುಂದೆ ಅಂಗಳ ಬಿಡುವುದಕ್ಕೆ ಆಯಿತು. ಮಳೆಗಾಲದಲ್ಲಿ ಏಲಗಂಗಾ ಎಂಬ ಹಳ್ಳ ಗುಡ್ಡದ ಮೇಲಿಂದ ಧುಮುಕುತ್ತದೆ. 29ನೇ ಗುಹೆಯ ಪಕ್ಕದಲ್ಲೇ ಜಲಪಾತ. ನೀರು, ಕಲ್ಲು, ದಾರಿ, ಮೂರೂ ಒಂದೇ ಕಡೆ ಸಿಗುವ ಜಾಗ ಮರಾಠವಾಡದಲ್ಲಿ ಜಾಸ್ತಿ ಇಲ್ಲ.

ಗುಹೆಗಳ ಬಗ್ಗೆ ನಿಮಗೆ ಗೊತ್ತಿರುವುದನ್ನು ಬೇಗ ಹೇಳಿಬಿಡುತ್ತೇನೆ. ನಂಬರು ಹಾಕಿದವು 34. ದಕ್ಷಿಣದ ತುದಿಯಿಂದ ಎಣಿಸಿದರೆ 1ರಿಂದ 12 ಬೌದ್ಧ, 13ರಿಂದ 29 ಹಿಂದೂ, 30ರಿಂದ 34 ಜೈನ. ಎರಡು ಕಿಲೋಮೀಟರಿನಷ್ಟು ಉದ್ದಕ್ಕೆ ಹರಡಿಕೊಂಡಿವೆ. ಈ ನಂಬರು ಬರಿಯ ಅನುಕೂಲಕ್ಕೆ ಹಾಕಿದ್ದು. ಕಡೆದ ಕ್ರಮ ಅದಲ್ಲ. 21ನೇ ಗುಹೆ ರಾಮೇಶ್ವರದ ಮುಂದೆ ಕಲಚೂರಿ ರಾಜ ಕೃಷ್ಣರಾಜನ ನಾಣ್ಯಗಳು ಸಿಕ್ಕಿವೆ. ಅವನು 6ನೇ ಶತಮಾನದವನು. ಹಾಗಾಗಿ ಕೆಲವು ಶೈವ ಗುಹೆಗಳೇ ಬೌದ್ಧ ಗುಹೆಗಳಿಗಿಂತ ಹಳೆಯವು ಅಂತ ಈಗ ಬಹಳ ಜನ ವಿದ್ವಾಂಸರು ಒಪ್ಪುತ್ತಾರೆ. ಒಂದು ಧರ್ಮ ಹೋಯಿತು, ಇನ್ನೊಂದು ಬಂತು ಅನ್ನುವ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದೇ ಗುಡ್ಡದಲ್ಲಿ, ಹತ್ತಿರ ಹತ್ತಿರದ ಕಾಲದಲ್ಲಿ, ಪಕ್ಕಪಕ್ಕದಲ್ಲೇ ಉಳಿ ಸದ್ದು ಮಾಡಿದೆ.

ಇನ್ನು 16ನೇ ಗುಹೆ. ಕೈಲಾಸ. ಇಲ್ಲಿ ಸ್ವಲ್ಪ ನಿಲ್ಲಲೇಬೇಕು.

ಇದನ್ನು ಮಾಡಿಸಿದವನು ರಾಷ್ಟ್ರಕೂಟರ ಒಂದನೇ ಕೃಷ್ಣ. ಆಳಿದ್ದು ಸುಮಾರು 756ರಿಂದ 773. ಅವನ ಮೊದಲು ಆಳಿದವನು ದಂತಿದುರ್ಗ, ಬಾದಾಮಿ ಚಾಲುಕ್ಯರನ್ನು ಕೆಡವಿದವನು. ಅವನ ಶಾಸನ ಪಕ್ಕದಲ್ಲೇ ಇರುವ 15ನೇ ಗುಹೆ ದಶಾವತಾರದ ಮಂಟಪದಲ್ಲಿದೆ. ಕೈಲಾಸವೆಲ್ಲ ಕೃಷ್ಣನ ಕಾಲದಲ್ಲೇ ಮುಗಿಯಿತೋ, ಮುಂದಿನ ರಾಜರೂ ಸೇರಿಸಿದರೋ ಎಂಬ ಚರ್ಚೆ ಇದೆ. ಅಂಗಳದ ಸುತ್ತಲಿನ ಕೆಲವು ಭಾಗ ಆಮೇಲಿನದು ಅನ್ನುವುದರಲ್ಲಿ ಅನುಮಾನವಿಲ್ಲ.

ಕೆಲಸದ ಕ್ರಮ ನೋಡಿ. ಇಳಿಜಾರಿನ ಗುಡ್ಡದಲ್ಲಿ ಮೇಲಿಂದ ಕೆಳಕ್ಕೆ ಮೂರು ಕಡೆ ದೊಡ್ಡ ಕಂದಕ ತೋಡಿದರು. ಕಂದಕದ ಹಿಂಬದಿಯ ಆಳ ನೂರು ಅಡಿಗೂ ಜಾಸ್ತಿ. ನಡುವೆ ಒಂದು ಬಂಡೆ ದ್ವೀಪದ ಹಾಗೆ ಉಳಿಯಿತು. ಆ ಬಂಡೆಯನ್ನು ಶಿಖರದಿಂದ ಕೆತ್ತುತ್ತಾ ಬುಡಕ್ಕೆ ಇಳಿದರು. ಮನೆ ಕಟ್ಟುವವರಿಗೆ ಪಾಯ ಮೊದಲು, ಇವರಿಗೆ ಕಳಶ ಮೊದಲು. ಸಾರುವೆ ಕಟ್ಟುವ ತೊಂದರೆ ಇಲ್ಲ, ನಿಂತ ನೆಲವೇ ದಿನದಿನ ಕೆಳಗಿಳಿಯುತ್ತದೆ. ಆದರೆ ತಪ್ಪಿದರೆ ತಿದ್ದುವ ಹಾಗಿಲ್ಲ. ತೆಗೆದ ಕಲ್ಲು ಎರಡು ಲಕ್ಷ ಟನ್ ಎಂಬ ಅಂದಾಜಿದೆ. ಇನ್ನೂ ಮೇಲೆ ಹೇಳುವವರೂ ಇದ್ದಾರೆ.

ಕರ್ನಾಟಕದಿಂದ ಹೋದವರಿಗೆ ಕೈಲಾಸ ಎಲ್ಲೋ ನೋಡಿದ ಹಾಗೆ ಕಾಣುತ್ತದೆ. ಕಾರಣ ಪಟ್ಟದಕಲ್ಲಿನ ವಿರೂಪಾಕ್ಷ. ಅದನ್ನು ಲೋಕಮಹಾದೇವಿ ಕಟ್ಟಿಸಿ ಒಂದು ತಲೆಮಾರು ಕೂಡ ಕಳೆದಿರಲಿಲ್ಲ. ಅದೇ ದ್ರಾವಿಡ ವಿಮಾನ, ಮುಂದೆ ಅದೇ ನಂದಿ ಮಂಟಪ, ಗೋಡೆಯ ಮೇಲೆ ಅದೇ ಬಗೆಯ ರಾಮಾಯಣ. ಗೆದ್ದ ರಾಜ ಸೋತ ರಾಜನ ಶಿಲ್ಪಿಗಳ ಕೈಕೆಲಸವನ್ನು ಉಳಿಸಿಕೊಂಡ. ಮಾಡಿದ್ದು ಮಾತ್ರ ಬೇರೆಯೇ ಅಳತೆಯಲ್ಲಿ.

812ರ ಸುಮಾರಿನ ಬರೋಡಾ ತಾಮ್ರಪಟದಲ್ಲಿ, ರಾಷ್ಟ್ರಕೂಟರ ಗುಜರಾತ್ ಶಾಖೆಯ ಕರ್ಕನ ದಾನಪತ್ರದಲ್ಲಿ, ಈ ದೇವಸ್ಥಾನದ ಮಾತು ಬರುತ್ತದೆ. ಏಲಾಪುರದಲ್ಲಿ, ಅಂದರೆ ಎಲ್ಲೋರದಲ್ಲಿ, ಕೃಷ್ಣ ಮಾಡಿಸಿದ ಗುಡಿಯನ್ನು ಆಕಾಶದಲ್ಲಿ ಹೋಗುವ ದೇವತೆಗಳು ನೋಡಿ, ಇದು ಮನುಷ್ಯರ ಕೆಲಸವಲ್ಲ, ತಾನಾಗಿಯೇ ಆದದ್ದು ಅಂದುಕೊಂಡರಂತೆ. ಅದಕ್ಕಿಂತ ನನಗೆ ಇಷ್ಟವಾಗುವುದು ಮುಂದಿನ ಮಾತು. ಮಾಡಿದ ಶಿಲ್ಪಿಯೇ ಬೆರಗಾಗಿ, ಇದನ್ನು ನಾನು ಹೇಗೆ ಮಾಡಿದೆ ಅಂದನಂತೆ. ಇನ್ನೊಂದು ಸಲ ಮಾಡು ಅಂದರೆ ಅವನಿಂದಲೂ ಆಗುತ್ತಿರಲಿಲ್ಲವಂತೆ. ರಾಜರನ್ನು ಹೊಗಳಿ ಹೊಗಳಿ ಸುಸ್ತಾದ ತಾಮ್ರಪಟಗಳಲ್ಲಿ ಕೆಲಸಗಾರನ ಮನಸ್ಸಿನ ಮಾತು ಬರುವುದು ತೀರಾ ಅಪರೂಪ.

ಈಗ ಊರಿನ ಕತೆಗೆ ಬರೋಣ. ತಾಮ್ರಪಟ ನೆಲದಲ್ಲಿ ಹೂತು ಹೋಯಿತು. ವೇರೂಳದ ಜನ ಕೃಷ್ಣ ಎಂಬ ರಾಜನ ಹೆಸರನ್ನು ಮರೆತರು. ಅದರ ಬದಲು ಅವರಲ್ಲಿ ಏಲ ರಾಜನ ಕತೆ ಉಳಿಯಿತು. ರಾಜನಿಗೆ ಏನೋ ಕಾಯಿಲೆ. ಇಲ್ಲಿನ ನೀರಿನಲ್ಲಿ ಮಿಂದು ವಾಸಿಯಾಯಿತು. ರಾಣಿ ಹರಕೆ ಹೊತ್ತಿದ್ದಳು: ಶಿವನಿಗೆ ಗುಡಿ ಕಟ್ಟಿಸುತ್ತೇನೆ, ಅದರ ಶಿಖರ ಕಾಣುವ ತನಕ ಊಟ ಮಾಡುವುದಿಲ್ಲ. ಗುಡಿ ಕಟ್ಟಿ ಶಿಖರ ಏರಿಸುವುದಕ್ಕೆ ವರ್ಷಗಟ್ಟಲೆ ಬೇಕು, ರಾಣಿ ಬದುಕುವುದು ಹೇಗೆ? ಆಗ ಪೈಠಣದಿಂದ ಬಂದ ಕೋಕಸ ಎಂಬ ಶಿಲ್ಪಿ ಹೇಳಿದ: ಚಿಂತೆ ಬೇಡ, ವಾರದಲ್ಲಿ ಶಿಖರ ತೋರಿಸುತ್ತೇನೆ. ಮೇಲಿಂದ ಕಡೆಯಲು ಶುರು ಮಾಡಿದ.

ಈ ಕತೆ ಹಳೆಯ ಮರಾಠಿ ಬರಹದಲ್ಲೂ ಸಿಗುತ್ತದೆ. ಇದನ್ನು ಬರೀ ಕಟ್ಟುಕತೆ ಅಂತ ತಳ್ಳಿಬಿಡಬಾರದು. ರಾಜನ ಹೆಸರು ಹೋಯಿತು, ಕಾಲ ಹೋಯಿತು, ವಂಶ ಹೋಯಿತು. ಆದರೆ ಶಿಖರದಿಂದ ಬುಡಕ್ಕೆ ಇಳಿದರು ಎಂಬ ತಾಂತ್ರಿಕ ಸತ್ಯ ಮಾತ್ರ ನೂರಾರು ವರ್ಷ ಕೆಡದೆ ಉಳಿಯಿತು. ಕತೆ ಕಟ್ಟಿದವರು ಕಲ್ಲನ್ನು ಹತ್ತಿರದಿಂದ ನೋಡಿದವರು.

ಕನ್ನಡದ ವಿಷಯಕ್ಕೆ ಬರುತ್ತೇನೆ, ನಮ್ಮವರು ಕೂತಿದ್ದೀರಿ. ಎಲ್ಲೋರದಲ್ಲಿ ನಿಂತು 'ಇದು ನಮ್ಮ ರಾಷ್ಟ್ರಕೂಟರದು' ಎಂದು ಎದೆ ಉಬ್ಬಿಸುವವರನ್ನು ನೋಡಿದ್ದೇನೆ. ತಪ್ಪೇನಿಲ್ಲ. ಆದರೆ ಅದೇ ರಾಷ್ಟ್ರಕೂಟರ ಕಾಲದ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆ ಹೇಳುವಾಗ ಕಾವೇರಿಯಿಂದ ಗೋದಾವರಿಯವರೆಗೆ ಅನ್ನುತ್ತದೆ. ವೇರೂಳ ಇರುವುದು ಗೋದಾವರಿಯಿಂದ ಆಚೆಗೆ, ಉತ್ತರಕ್ಕೆ. ನಮ್ಮ ಗ್ರಂಥದ ಲೆಕ್ಕದಲ್ಲೇ ಅದು ಕನ್ನಡ ನಾಡಿನ ಹೊರಗೆ. ರಾಜ್ಯ ದೊಡ್ಡದಿತ್ತು, ನಾಡು ಅದರ ಒಳಗಿನ ಒಂದು ಭಾಗವಾಗಿತ್ತು. ಈ ಎರಡನ್ನೂ ಬೇರೆಬೇರೆಯಾಗಿ ನೋಡುವ ಬುದ್ಧಿ 9ನೇ ಶತಮಾನದವರಿಗೆ ಇತ್ತು.

ಹಾಗಂತ ಕನ್ನಡ ಅಲ್ಲಿಗೆ ಹೋಗಲೇ ಇಲ್ಲ ಅಂತಲ್ಲ. 32ನೇ ಗುಹೆ ಇಂದ್ರಸಭೆಯಲ್ಲಿ ಜಿನಮೂರ್ತಿಗಳ ಹತ್ತಿರ ಹಳಗನ್ನಡ ಅಕ್ಷರದ ಪುಟ್ಟ ಬರಹಗಳಿವೆ. ಒಂದರಲ್ಲಿ ನಾಗವರ್ಮ ಮಾಡಿಸಿದ ಪ್ರತಿಮೆ ಅಂತಿದೆ, ಇನ್ನೊಂದರಲ್ಲಿ ಸೋಹಿಲ ಬ್ರಹ್ಮಚಾರಿಯ ಹೆಸರಿದೆ. ರಾಜರಲ್ಲ, ಮಂತ್ರಿಗಳಲ್ಲ. ಒಂದು ಮೂರ್ತಿ ಮಾಡಿಸುವಷ್ಟು ಅನುಕೂಲ ಇದ್ದ ಭಕ್ತರು. ಆಮೇಲೆ ಬಂದ ದೇವಗಿರಿಯ ಸೇವುಣರಿಗೂ, ಅಂದರೆ ಯಾದವರಿಗೂ, ಕನ್ನಡದ ನಂಟು ಜೋರಾಗಿಯೇ ಇತ್ತು. ಅವರ ಕನ್ನಡ ಶಾಸನಗಳು ನೂರಾರು.

ಇಲ್ಲಿಗೆ ಸಾಮಾನ್ಯವಾಗಿ ಎಲ್ಲೋರದ ಪಾಠ ಮುಗಿಯುತ್ತದೆ. ಆದರೆ ಜೈನ ಗುಹೆಗಳ ಮೇಲಿನ ಗುಡ್ಡ ಹತ್ತಿ. ಅಲ್ಲಿ ಒಂದು ಭಾರಿ ಪಾರ್ಶ್ವನಾಥ ಇದ್ದಾನೆ. ಅದರ ಶಾಸನದ ಕಾಲ ಶಕ 1156, ಅಂದರೆ 1234-35. ಸೇವುಣ ಸಿಂಘಣನ ಆಳ್ವಿಕೆ. ಮಾಡಿಸಿದವನು ವರ್ಧನಪುರದ ಚಕ್ರೇಶ್ವರ. ಭರತ ಚಕ್ರವರ್ತಿ ಕೈಲಾಸವನ್ನು ತೀರ್ಥ ಮಾಡಿದ ಹಾಗೆ ಇವನು ಚಾರಣಾದ್ರಿಯನ್ನು, ಅಂದರೆ ಈ ಗುಡ್ಡವನ್ನು, ತೀರ್ಥ ಮಾಡಿದ ಅನ್ನುತ್ತದೆ ಶಾಸನ. ಕೆಳಗಡೆ ಇರುವ ಕೈಲಾಸದ ಕಡೆಗೂ ಒಂದು ಕಣ್ಣು ಇತ್ತೇನೋ! ಮುಖ್ಯ ಗುಹೆಗಳ ಕೆಲಸ ನಿಂತು ಎರಡು ಶತಮಾನ ಕಳೆದ ಮೇಲೂ ಉಳಿ ಹಿಡಿದವರು ಇಲ್ಲಿದ್ದರು. ಅದೇ ಶತಮಾನದಲ್ಲಿ ಮಹಾನುಭಾವ ಪಂಥದ ಗುರು ಚಕ್ರಧರರು ಇಲ್ಲಿ ಉಳಿದಿದ್ದರೆಂದು ಆ ಪಂಥದ ಹಳೆಯ ಗದ್ಯ ಹೇಳುತ್ತದೆ. ಗುಹೆಗಳಲ್ಲಿ ಜನ ಇದ್ದರು, ಪೂಜೆ ಇತ್ತು, ಗದ್ದಲ ಇತ್ತು.

ಆಮೇಲೆ ದೇವಗಿರಿ ಬಿತ್ತು. 1296ರಲ್ಲಿ ಅಲಾವುದ್ದೀನನ ಮೊದಲ ದಾಳಿ, ಸ್ವಲ್ಪ ವರ್ಷಕ್ಕೆ ಅವನ ದಂಡನಾಯಕ ಮಲಿಕ್ ಕಾಫೂರ್, 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನೇ ಎತ್ತಿಕೊಂಡು ಬಂದು ಊರಿಗೆ ದೌಲತಾಬಾದ್ ಅಂತ ಹೆಸರಿಟ್ಟ. ತುಘಲಕನ ಕತೆಯನ್ನು ನಾವು ನಗೆಪಾಟಲು ಮಾಡಿ ಹೇಳುತ್ತೇವೆ. ರಾಜಧಾನಿ ವಾಪಸ್ ಹೋಯಿತು, ನಿಜ. ಬಂದ ಜನರೆಲ್ಲ ವಾಪಸ್ ಹೋಗಲಿಲ್ಲ. ದೆಹಲಿಯಿಂದ ಬಂದ ಸೂಫಿಗಳು ವೇರೂಳದ ಮೇಲಿನ ಗುಡ್ಡದಲ್ಲಿ ನೆಲೆಸಿದರು. 1337ರಲ್ಲಿ ತೀರಿಕೊಂಡ ಬುರ್ಹಾನುದ್ದೀನ್ ಗರೀಬ್ ಮತ್ತು 1369ರಲ್ಲಿ ತೀರಿಕೊಂಡ ಜೈನುದ್ದೀನ್ ಶಿರಾಜಿ, ಇವರ ದರ್ಗಾಗಳ ಸುತ್ತ ಖುಲ್ದಾಬಾದ್ ಬೆಳೆಯಿತು. ಕಾಗದ ಮಾಡುವವರೂ ಬಂದರು. ದೌಲತಾಬಾದಿನಿಂದ ವೇರೂಳಕ್ಕೆ ಹೋಗುವ ದಾರಿಯಲ್ಲೇ ಕಾಗ್‌ಜೀಪುರ ಅಂತ ಒಂದು ಹಳ್ಳಿ ಸಿಗುತ್ತದೆ. ಕೈಕಾಗದದ ಊರು. ಬಸ್ಸಿನಲ್ಲಿ ಕೂತವರು ಬೋರ್ಡು ನೋಡಿ ಸುಮ್ಮನಾಗುತ್ತಾರೆ.

ಖುಲ್ದಾಬಾದ್ ಆಮೇಲೆ ದಖ್ಖನಿನ ದೊಡ್ಡವರ ಸಮಾಧಿಯ ಊರಾಯಿತು. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹ್ಮದ್‌ನಗರದ ಆಡಳಿತವನ್ನೇ ಹಿಡಿದು ನಡೆಸಿದ ಮಲಿಕ್ ಅಂಬರ್ ಇಲ್ಲಿದ್ದಾನೆ. 1610ರಲ್ಲಿ ಅವನು ಕಟ್ಟಿದ ಖಡ್ಕಿ ಊರೇ ಆಮೇಲೆ ಔರಂಗಾಬಾದ್ ಆದದ್ದು. ಜೀವನವಿಡೀ ಮೊಘಲರ ಜೊತೆ ಹೊಡೆದಾಡಿದ ಅಂಬರನ ಗೋರಿಯ ಊರಿಗೇ 1707ರಲ್ಲಿ ಔರಂಗಜೇಬನನ್ನೂ ತಂದರು. ಜೈನುದ್ದೀನರ ದರ್ಗಾದ ಅಂಗಳದಲ್ಲಿ, ಮೇಲೆ ಚಾವಣಿಯಿಲ್ಲದ ಸಾದಾ ಗೋರಿ. ಅವನು ಸೋಲಿಸಿ ಸೆರೆಯಲ್ಲಿಟ್ಟ ಗೋಲ್ಕೊಂಡದ ತಾನಾ ಶಾ ಕೂಡ ಇದೇ ಊರಿನ ಮಣ್ಣಲ್ಲಿದ್ದಾನೆ. ಹೈದರಾಬಾದಿನ ಮೊದಲ ನಿಜಾಮನೂ ಇಲ್ಲೇ. ಈ ಗೋರಿಗಳ ಬಗ್ಗೆ ಈಗ ನಡೆಯುವ ಜಗಳಗಳಿಗೆ ನಾನು ಹೋಗುವುದಿಲ್ಲ. ಆ ಜಗಳದಲ್ಲಿ ಮಲಿಕ್ ಅಂಬರನನ್ನು ಯಾರೂ ನೆನೆಯುವುದಿಲ್ಲ ಅಷ್ಟೇ ನನ್ನ ಬೇಜಾರು.

ಅದೇ ಮಲಿಕ್ ಅಂಬರನ ಕಾಲಕ್ಕೆ ವೇರೂಳದ ಪಾಟೀಲಕಿ ಇದ್ದದ್ದು ಭೋಸಲೆ ಮನೆತನದಲ್ಲಿ. ನಮ್ಮ ಕಡೆ ಗೌಡಿಕೆ ಇದ್ದ ಹಾಗೆ. ಶಿವಾಜಿಯ ಅಜ್ಜ ಮಾಲೋಜಿ ಭೋಸಲೆ ಊರ ಪಾಟೀಲ. ಅಹ್ಮದ್‌ನಗರದ ನಿಜಾಮಶಾಹಿಯಲ್ಲಿ ಕುದುರೆ ಸವಾರನಾಗಿ ಮೇಲೆ ಬಂದ. ಪುಣೆ, ಸುಪೆ ಜಹಗೀರಾಗಿ ಸಿಕ್ಕಿದವು. ಊರಿನ ಘೃಷ್ಣೇಶ್ವರ ದೇವಸ್ಥಾನವನ್ನು ರಿಪೇರಿ ಮಾಡಿಸಿದ. ಹೊಲದಲ್ಲಿ ನಿಧಿ ಸಿಕ್ಕಿತು ಎಂಬ ಕತೆಯೂ ಇದೆ. ದಿಢೀರ್ ಮೇಲೆ ಬಂದ ಮನೆಗೆಲ್ಲ ಊರಿನವರು ಇಂಥ ಒಂದು ಕತೆ ಹೆಣೆಯುತ್ತಾರೆ, ನಮ್ಮೂರಲ್ಲೂ ಇಲ್ವಾ? ಭೋಸಲೆಯವರ ಗಢಿಯ, ಅಂದರೆ ಕೋಟೆಮನೆಯ, ಪಳೆಯುಳಿಕೆ ವೇರೂಳದಲ್ಲಿ ಇವತ್ತಿಗೂ ಇದೆ. ಗುಹೆಗೆ ಬರುವ ನೂರು ಜನರಲ್ಲಿ ಒಬ್ಬರು ಅಲ್ಲಿಗೆ ಹೋದರೆ ಹೆಚ್ಚು.

ಮಾಲೋಜಿಯ ಮಗ ಶಹಾಜಿ. ಅವನ ಮದುವೆ ಸಿಂದಖೇಡದ ಲಖುಜಿ ಜಾಧವನ ಮಗಳು ಜೀಜಾಬಾಯಿಯ ಜೊತೆ. ಜಾಧವರು ತಾವು ದೇವಗಿರಿ ಯಾದವರ ಪೀಳಿಗೆ ಅನ್ನುತ್ತಿದ್ದರು. ಅಹ್ಮದ್‌ನಗರ 1636ರಲ್ಲಿ ಮುಳುಗಿದಾಗ ಶಹಾಜಿ ಬಿಜಾಪುರದ ಸೇವೆಗೆ ಸೇರಿದ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಜೊತೆ ಕರ್ನಾಟಕಕ್ಕೆ ದಂಡೆತ್ತಿ ಬಂದ. ಕೆಂಪೇಗೌಡರ ಮನೆತನದಿಂದ ಬೆಂಗಳೂರನ್ನು ಕಿತ್ತುಕೊಂಡ ಮೇಲೆ ಅದು ಇವನ ಜಹಗೀರಾಯಿತು. ವೇರೂಳದ ಪಾಟೀಲರ ಹುಡುಗ ಬೆಂಗಳೂರಿನ ದೊರೆ! ಅವನ ದೊಡ್ಡ ಮಗ ಸಂಭಾಜಿ, ಅಂದರೆ ಶಿವಾಜಿಯ ಅಣ್ಣ, ಕೊಪ್ಪಳ ಸೀಮೆಯ ಕನಕಗಿರಿಯ ಯುದ್ಧದಲ್ಲಿ ಸತ್ತ. ಇನ್ನೊಬ್ಬ ಮಗ ಏಕೋಜಿ ಬೆಂಗಳೂರಿನಿಂದ ಮುಂದಕ್ಕೆ ಹೋಗಿ ತಂಜಾವೂರಿನಲ್ಲಿ ರಾಜ್ಯ ಕಟ್ಟಿದ. ಶಹಾಜಿ 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡದ್ದು ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿ. ಸಮಾಧಿ ಅಲ್ಲೇ ಇದೆ. ನಮ್ಮ ರಾಷ್ಟ್ರಕೂಟರು ಅಲ್ಲಿಗೆ ಹೋದದ್ದನ್ನು ಮಾತ್ರ ಹೇಳಿ, ಅಲ್ಲಿಯವರು ಇಲ್ಲಿಗೆ ಬಂದದ್ದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

18ನೇ ಶತಮಾನದಲ್ಲಿ ವೇರೂಳ ಹೋಳ್ಕರರ ಕೈಯಲ್ಲಿತ್ತು. ಘೃಷ್ಣೇಶ್ವರದ ಈಗಿನ ಕೆಂಪು ಕಲ್ಲಿನ ಗುಡಿಗೆ ಹೋಳ್ಕರ್ ಮನೆಯ ಗೌತಮಾಬಾಯಿ, ಅಹಿಲ್ಯಾಬಾಯಿ ಇಬ್ಬರ ಹೆಸರೂ ಸೇರಿಕೊಂಡಿದೆ. ಸ್ವಲ್ಪ ದೂರದಲ್ಲಿರುವ ಮೆಟ್ಟಿಲುಗಳ ಕೊಳ, ಶಿವಾಲಯ ತೀರ್ಥ, ಅಹಿಲ್ಯಾಬಾಯಿಯ ಕಾಲದ್ದು. ಕೈಲಾಸ ನೋಡಿ ಕಣ್ಣು ದಣಿದವರು ಈ ಕೊಳದ ಮೆಟ್ಟಿಲ ಮೇಲೆ ಕೂತರೆ ಚೆನ್ನ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು ಎಂಬ ಕಾರಣಕ್ಕೆ ಊರಿಗೆ ಜನ ಬರುವುದು ನಿಂತೇ ಇರಲಿಲ್ಲ. ಬಂದವರು ಗುಹೆಗಳನ್ನೂ ನೋಡುತ್ತಿದ್ದರು. ಫ್ರಾನ್ಸಿನ ಪ್ರವಾಸಿ ಥೆವೆನೊ 1667ರಲ್ಲಿ ಬಂದು ನೋಡಿ ಬರೆದ. ಪುಣೆಯ ಬ್ರಿಟಿಷ್ ರೆಸಿಡೆಂಟ್ ಮ್ಯಾಲೆಟ್ 1794ರಲ್ಲಿ ಬಂದ. ಗುಹೆಗಳು ಎಷ್ಟು ಹಳೆಯವು ಅಂತ ಅವನು ಕೇಳಿದಾಗ ಒಬ್ಬ ಮುಸ್ಲಿಂ ಹಿರಿಯ ಒಂಬೈನೂರು ವರ್ಷದ ಆಸುಪಾಸು ಅಂದ. ಬ್ರಾಹ್ಮಣರು ಏಳು ಸಾವಿರದ ಎಂಟುನೂರಕ್ಕೂ ಮೇಲೆ ಅಂದರು. ಮೊದಲನೆಯವನು ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿದ್ದ ನೋಡಿ. 1818ರಲ್ಲಿ ಊರು ಹೋಳ್ಕರರಿಂದ ಬ್ರಿಟಿಷರಿಗೆ ಹೋಯಿತು. 1822ರಲ್ಲಿ ನಿಜಾಮನಿಗೆ ಬಂತು. 1948ರವರೆಗೆ ಹಾಗೇ ಇತ್ತು.

ನನಗೆ ಬಹಳ ಮುಖ್ಯ ಅನ್ನಿಸುವ ವಿಷಯಕ್ಕೆ ಈಗ ಬರುತ್ತೇನೆ.

19ನೇ ಶತಮಾನದಲ್ಲಿ ಸರ್ವೆ ಮಾಡಲು ಬಂದವರು ಗುಹೆಗಳಿಗೆ ನಂಬರು ಹಾಕುವ ಮೊದಲು ಊರಿನವರನ್ನು ಹೆಸರು ಕೇಳಿದರು. ಬರೆದುಕೊಂಡ ಹೆಸರುಗಳನ್ನು ಕೇಳಿ. 10ನೆಯದು ಸುತಾರನ ಜೋಪಡಿ, ಅಂದರೆ ಬಡಗಿಯ ಗುಡಿಸಲು. ಒಳಗಡೆ ಚಾವಣಿಯಲ್ಲಿ ಮರದ ತೊಲೆಗಳ ಹಾಗೆ ಕಲ್ಲು ಕೆತ್ತಿದ್ದಾರೆ. ಅಲ್ಲಿ ಕೂತಿರುವ ಬುದ್ಧನನ್ನು ಬಡಗಿಗಳು ವಿಶ್ವಕರ್ಮ ಅಂತ ಪೂಜಿಸಿದರು. 24 ತೇಲಿಯ ಗಾಣ. 25 ಕುಂಬಾರವಾಡ. 26 ಜನವಾಸ, ಬೀಗರನ್ನು ಇಳಿಸುವ ಮನೆ. 27 ಗೊಲ್ಲತಿಯ ಗುಹೆ. ಕೈಲಾಸದ ಹೆಸರು ರಂಗಮಹಲ್, ಆಗ ಅದರ ಮೇಲೆ ಬಣ್ಣದ ಗುರುತು ಇನ್ನೂ ಇತ್ತು. ಇದು ದೇವರ ಪಟ್ಟಿಯಲ್ಲ, ಒಂದು ಊರಿನ ಓಣಿಗಳ ಪಟ್ಟಿ. ಜನ ತಮ್ಮ ಊರಿನ ನಕ್ಷೆಯನ್ನೇ ಎತ್ತಿ ಗುಡ್ಡದ ಮೇಲೆ ಹಾಸಿದ್ದರು.

ಊರಿನ ನಕ್ಷೆ ಅಂದ ಮೇಲೆ ಜಾತಿ ಬಿಡುತ್ತದೆಯೇ? ದಕ್ಷಿಣದ ತುದಿಯ ಬೌದ್ಧ ಗುಹೆಗಳಿಗೆ ಢೇಡವಾಡ ಎಂಬ ಹೆಸರಿತ್ತು. 5ನೇ ಗುಹೆಗೆ ಮಹಾರವಾಡ. ಢೇಡ ಅನ್ನುವುದು ಮಹಾರರಂಥ ಅಸ್ಪೃಶ್ಯರೆನಿಸಿಕೊಂಡವರಿಗೆ ಹಾಕುತ್ತಿದ್ದ ಬೈಗುಳ. ಭಿಕ್ಷುಗಳು ಸಾಲಾಗಿ ಕೂರುತ್ತಿದ್ದ ಕಲ್ಲಿನ ಉದ್ದ ಪೀಠಗಳಿರುವ ಆ ದೊಡ್ಡ ಹಜಾರ, ಊರಿನ ಕಣ್ಣಿಗೆ ಹೊಲಗೇರಿಯಾಗಿ ಕಂಡಿತು. ಸರ್ವೆಯವರು ಬರೆದುಕೊಂಡರು, ಪುಸ್ತಕದಲ್ಲಿ ಅಚ್ಚಾಯಿತು.

1934ರಲ್ಲಿ ಡಾ. ಅಂಬೇಡ್ಕರ್ ತಮ್ಮ ಜೊತೆಗಾರರೊಂದಿಗೆ ಒಂದು ಪ್ರವಾಸ ಹೊರಟರು. ಮುಖ್ಯ ಉದ್ದೇಶ ವೇರೂಳದ ಬೌದ್ಧ ಗುಹೆಗಳನ್ನು ನೋಡುವುದು. ದಾರಿಯಲ್ಲಿ ದೌಲತಾಬಾದ್ ಕೋಟೆ. ರಂಜಾನ್ ತಿಂಗಳು. ಬಾಗಿಲ ಹತ್ತಿರ ತುಂಬಿದ ಸಣ್ಣ ಕೊಳ. ಪ್ರಯಾಣದ ಧೂಳು ಮೆತ್ತಿತ್ತು. ಮುಖ, ಕೈಕಾಲು ತೊಳೆದುಕೊಂಡರು. ಅಷ್ಟರಲ್ಲಿ ಬಿಳಿ ಗಡ್ಡದ ಮುದುಕನೊಬ್ಬ ಕೂಗುತ್ತಾ ಬಂದ: ಢೇಡರು ಕೊಳ ಮೈಲಿಗೆ ಮಾಡಿಬಿಟ್ಟರು! ಜನ ಸೇರಿದರು, ಬೈಗುಳ ಶುರುವಾಯಿತು. ಕೊನೆಗೆ ಕೋಟೆ ಒಳಗೆ ಬಿಟ್ಟರು. ಆದರೆ ನೀರು ಮುಟ್ಟದಂತೆ ನೋಡಿಕೊಳ್ಳಲು ಕೋವಿ ಹಿಡಿದ ಸಿಪಾಯಿಯನ್ನು ಜೊತೆಗೆ ಕಳಿಸಿದರು. ಇದನ್ನೆಲ್ಲ ಅಂಬೇಡ್ಕರ್ ಅವರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕೊಳದ ಬಳಿ ಕೂಗಿದ ಮಾತೂ ಗುಹೆಗಳಿಗಿದ್ದ ಹೆಸರೂ ಒಂದೇ.

1950ರಲ್ಲಿ ಅವರು ಔರಂಗಾಬಾದಿನಲ್ಲಿ ಕಾಲೇಜು ತೆರೆದರು. ಅದಕ್ಕೆ ಮಿಲಿಂದ ಎಂದು ಬೌದ್ಧ ಹೆಸರಿಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದರು. ಅವರ ಹಿಂದೆ ಲಕ್ಷಗಟ್ಟಲೆ ಜನ, ಹೆಚ್ಚಿನವರು ಮಹಾರರು. ಮರಾಠವಾಡದ ಆ ಮನೆಗಳ ಮಕ್ಕಳು ಮೊಮ್ಮಕ್ಕಳು ಇವತ್ತು ವೇರೂಳಕ್ಕೆ ಬರುತ್ತಾರೆ. 10ನೇ ಗುಹೆಯ ಬುದ್ಧನ ಮುಂದೆ ಕೈ ಮುಗಿಯುವವರಿಗೆ ಅದು ಪ್ರವಾಸವಲ್ಲ. ಗುಹೆಗಳನ್ನು ಹೀಯಾಳಿಸಲು ಇಟ್ಟ ಹೆಸರು, ಯಾರೂ ಎಣಿಸದ ರೀತಿಯಲ್ಲಿ, ನಿಜವಾದ ವಾರಸುದಾರರ ಹೆಸರಾಗಿಬಿಟ್ಟಿತು.

ಅದೇ 1956ರ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯ ಒಡೆದು ಮೂರಾಯಿತು. ಮರಾಠವಾಡ ಮುಂಬೈ ರಾಜ್ಯಕ್ಕೆ, ಬೀದರ್, ಕಲಬುರಗಿ, ರಾಯಚೂರು ನಮ್ಮ ಕಡೆಗೆ. ಅಲ್ಲಿಯವರೆಗೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದವರೂ ವೇರೂಳದವರೂ ಒಂದೇ ಸರ್ಕಾರಕ್ಕೆ ಕಂದಾಯ ಕಟ್ಟುತ್ತಿದ್ದರು. 1960ರ ಮೇ 1ಕ್ಕೆ ಮಹಾರಾಷ್ಟ್ರವಾಯಿತು. 1983ರಲ್ಲಿ ಗುಹೆಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆಮೇಲಿನದು ಪಾರ್ಕಿಂಗು, ಟಿಕೆಟ್ಟು, ಸೀತಾಫಲದ ಬುಟ್ಟಿಗಳ ಕತೆ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ಕೇಳಿದರು: ಒಂದೇ ದಿನ ಇದ್ದರೆ ಏನು ನೋಡಬೇಕು? ಬೆಳಿಗ್ಗೆ ಬೇಗ ಹೋಗಿ. ಆದರೆ ತಕ್ಷಣ ಕೈಲಾಸದ ಒಳಗೆ ನುಗ್ಗಬೇಡಿ. ಪಕ್ಕದ ಗುಡ್ಡ ಹತ್ತಿ ಮೇಲಿಂದ ನೋಡಿ. ಕಡೆದವರು ಮೊದಲು ನೋಡಿದ್ದು ಅಲ್ಲಿಂದಲೇ. ಆಮೇಲೆ ಇಳಿದು ಒಳಗೆ ಹೋಗಿ. 5, 10, 12, 15, 29, 32 ಬಿಡಬೇಡಿ. ಗುಹೆಗಳು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬಿಸಿಲು ಒಳಗೆ ಬೀಳುವುದು ಮಧ್ಯಾಹ್ನದ ಮೇಲೆ. ಫೋಟೊ ಹುಚ್ಚಿನವರು ಅದಕ್ಕೆ ಕಾಯಿರಿ. ಇನ್ನೊಬ್ಬರು, ಮಂಗಳವಾರ ಹೋಗಬಹುದಾ ಅಂದರು. ಮಂಗಳವಾರ ಗುಹೆಗಳಿಗೆ ರಜೆ. ಗೊತ್ತಿಲ್ಲದೆ ಬಂದವರು ಗೇಟಿನ ಹತ್ತಿರ ಬೈದುಕೊಳ್ಳುತ್ತಾ ವಾಪಸ್ ಹೋಗುತ್ತಾರೆ. ನೀವು ಹಾಗೆ ವಾಪಸ್ ಹೋಗಬೇಡಿ. ಘೃಷ್ಣೇಶ್ವರಕ್ಕೆ ರಜೆ ಇಲ್ಲ, ಕೊಳಕ್ಕೆ ಇಲ್ಲ, ಭೋಸಲೆಯವರ ಗಢಿಗೂ ಇಲ್ಲ. ಖುಲ್ದಾಬಾದಿನ ಮಲಿಕ್ ಅಂಬರನ ಗೋರಿಗೆ ರಿಕ್ಷಾದವರು ದಾರಿ ತೋರಿಸುತ್ತಾರೆ.